ಟಿವಿ ಕೆಳಗಿನ ಬಿಳಿ ಪೆಟ್ಟಿಗೆ

ಫ್ರಿಜ್ಜಮ್ಮನ ಕಿವಿ ಎಂಥದ್ದು ಅಂತ ಆ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಹೊಸ್ತಿಲ ಮೇಲೆ ನಿಂತು, ಕೈಯಲ್ಲಿನ ಸಾಮಾನಿನ ಚೀಲ ಕೆಳಗಿಡುವ ಮುಂಚೆಯೇ, ಅಡುಗೆಮನೆಯ ಫ್ರಿಜ್ಜಿಗೆ ಏನಾಗಿದೆ ಅಂತ ಹೇಳಿಬಿಡುವಳು. ಕಂಪ್ರೆಸರ್ ಏದುಸಿರು ಬಿಡುತ್ತಿದೆಯೋ, ಹಿಂದಿನ ಫ್ಯಾನಿಗೆ ಧೂಳು ಮೆತ್ತಿದೆಯೋ, ಇಲ್ಲಾ ಮನೆಯವರೇ ಬಾಗಿಲು ಸರಿಯಾಗಿ ಹಾಕದೆ ಫ್ರಿಜ್ಜಿನ ಮೇಲೆ ಗೂಬೆ ಕೂರಿಸುತ್ತಿದ್ದಾರೋ, ಎಲ್ಲ ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಫ್ರಿಜ್ಜು ರಿಪೇರಿ ಅವಳ ಮೂವತ್ತು ವರ್ಷದ ಕಸುಬು. ಅಪ್ಪನ ಕೈಕೆಳಗೆ ಕಲಿತದ್ದು, ಅಪ್ಪನಿಗಿಂತ ಎರಡು ಹೆಜ್ಜೆ ಮುಂದೆ ಹೋಗಿದ್ದಳು.

ಅಂಥ ಕಿವಿಯನ್ನು ಇಟ್ಟುಕೊಂಡು ಮೂರು ವರ್ಷದಿಂದ ಅವಳು ತನ್ನ ಸ್ವಂತ ಮನೆಯಲ್ಲಿ ಕೇಳುತ್ತಿದ್ದದ್ದು ಏನು? ಮುಚ್ಚಿದ ಬಾಗಿಲ ಹಿಂದೆ ತಿರುಗುವ ಒಂದು ಫ್ಯಾನು. ಮಗನ ಕಂಪ್ಯೂಟರಿನ ಫ್ಯಾನು. ಅದು ಜೋರಾಗಿ ತಿರುಗಿದರೆ ಗುಂಡ ಆಟ ಆಡುತ್ತಿದ್ದಾನೆ ಅಂತ ಅರ್ಥ. ಮೆಲ್ಲಗೆ ತಿರುಗಿದರೆ ಸುಮ್ಮನೆ ಏನೋ ಓದುತ್ತಿದ್ದಾನೆ. ನಿಂತರೆ ಮಲಗಿದ್ದಾನೆ. ಇಪ್ಪತ್ತಾರು ವರ್ಷದ ಮಗ ಇದ್ದಾನೆ, ಹೇಗಿದ್ದಾನೆ ಅನ್ನುವುದಕ್ಕೆ ಆ ತಾಯಿಗೆ ಇದ್ದ ಸಾಕ್ಷಿ ಅಷ್ಟೇ. ಚಿಕ್ಕಂದಿನಲ್ಲಿ ಉಂಡೆಯ ಹಾಗೆ ದುಂಡಗಿದ್ದ ಅಂತ ಗುಂಡ ಅಂತ ಹೆಸರು ಬಿದ್ದಿತ್ತು. ಈಗ ಹೇಗಿದ್ದನೋ, ನೋಡಿದವರು ಯಾರು.

ಆದದ್ದಾದರೂ ಏನು ಅಂತ ಕೇಳಬೇಡಿ, ಅವಳಿಗೇ ಗೊತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ಕೆಲಸದಿಂದ ಬೇಗ ಬಂದ, ಸ್ನಾನ ಮಾಡಿದ, ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಆಫೀಸಿಗೆ ಹೋಗಿ ವಿಚಾರಿಸಿದರೆ ಜಗಳ ಇಲ್ಲ, ಬೈಗುಳ ಇಲ್ಲ, ಒಳ್ಳೆಯ ಹುಡುಗ, ಯಾವಾಗ ಬರ್ತಾನೆ ಅಂತ ಅವರೇ ಇವಳನ್ನು ಕೇಳಿದರು. ಡಾಕ್ಟರು ಬಂದರು. ಬಾಗಿಲಿನ ಜೊತೆ ಅರ್ಧ ಗಂಟೆ ಮಾತಾಡಿ, ಹೊರಗೆ ಬಂದಾಗ ಕರೆದುಕೊಂಡು ಬನ್ನಿ ಅಂದು ಹೋದರು. ಹೊರಗೆ ಬರುವ ಹಾಗಿದ್ದರೆ ನಿಮ್ಮನ್ನು ಯಾಕೆ ಕರೆಸುತ್ತಿದ್ದೆ ಅಂತ ಫ್ರಿಜ್ಜಮ್ಮನಿಗೆ ಬಾಯಿತುದಿಗೆ ಬಂದಿತ್ತು, ನುಂಗಿಕೊಂಡಳು. ಅವಳೂ ಅವಳ ಗಂಡನೂ ಕೆಲಸಕ್ಕೆ ಹೋದ ಮೇಲೆ ಗುಂಡ ಹೊರಗೆ ಬಂದು ಸ್ನಾನ ಮಾಡುತ್ತಿದ್ದ, ಬಾಗಿಲ ಮುಂದೆ ಇಟ್ಟ ತಟ್ಟೆ ತೊಳೆದಿಡುತ್ತಿದ್ದ. ಸಂಜೆ ಒದ್ದೆ ಟವೆಲ್ಲು ಮುಟ್ಟಿ ನೋಡಿ ಅವಳು ಸಮಾಧಾನ ಪಟ್ಟುಕೊಳ್ಳುತ್ತಿದ್ದಳು.

ಮೊದಮೊದಲು ಬಾಗಿಲ ಹಿಂದಿನಿಂದ ಒಂದೆರಡು ಮಾತಾದರೂ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಹೌದು ಅಂದರೆ ಬಾಗಿಲನ್ನು ಒಂದು ಸಲ ತಟ್ಟುವುದು, ಇಲ್ಲ ಅಂದರೆ ಎರಡು ಸಲ. ಯಾರೂ ಕೂತು ಒಪ್ಪಂದ ಮಾಡಿಕೊಂಡದ್ದಲ್ಲ, ತಾನಾಗಿ ಹಾಗೆ ಆಯಿತು. ಹೊಟ್ಟೆ ತುಂಬಿತಾ ಅಂದರೆ ತಟ್. ಇನ್ನೊಂದು ಸ್ವಲ್ಪ ಹಾಕಲಾ ಅಂದರೆ ತಟ್ ತಟ್. ಬೇಸಗೆ ಶುರುವಾಗುವ ಹೊತ್ತಿಗೆ ಅವಳು ಮಗನ ದನಿ ಕೇಳಿ ಎಂಟು ತಿಂಗಳಾಗಿತ್ತು.

ಆ ಬೇಸಗೆಯಲ್ಲೇ ಒಳಗಿನ ಫ್ಯಾನು ಗೊರಗೊರ ಅನ್ನಲು ಶುರುವಾಯಿತು. ಬೇರಿಂಗ್ ಸವೆದಿದೆ, ಧೂಳು ಗಟ್ಟಿಯಾಗಿ ಕೂತಿದೆ, ಮೂರ್ನಾಲ್ಕು ತಿಂಗಳಿಗಿಂತ ಹೆಚ್ಚು ಬಾಳುವುದಿಲ್ಲ ಅಂತ ಅವಳಿಗೆ ಹೊರಗಿನಿಂದಲೇ ಗೊತ್ತಾಯಿತು. ಬೇರೆ ತಾಯಿಯಾಗಿದ್ದರೆ ಅಯ್ಯೋ ಅನ್ನುತ್ತಿದ್ದಳೋ ಏನೋ. ಇವಳಿಗೆ ಎದೆಯಲ್ಲಿ ಒಂದು ಆಸೆ ಹುಟ್ಟಿತು. ಅವನನ್ನು ಒಳಗೆ ಕಟ್ಟಿಹಾಕಿರುವುದು ಆ ಕಂಪ್ಯೂಟರು ತಾನೇ? ಅದು ಹೇಗೂ ಸಾಯುತ್ತದೆ. ಅದಕ್ಕಿಂತ ಹತ್ತು ಪಾಲು ಚೆನ್ನಾಗಿರೋ ಕಂಪ್ಯೂಟರು ಹೊರಗೆ ಹಾಲಿನಲ್ಲಿ, ಟಿವಿಯ ಕೆಳಗೆ ಇದ್ದರೆ? ಬರಲೇಬೇಕಲ್ಲ. ಗುಂಡ ಹತ್ತು ವರ್ಷದವನಿದ್ದಾಗ ಅದೇ ಹಾಲಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಕಾರಿನ ಆಟ ಆಡುತ್ತಿದ್ದ. ಇವಳು ಕೆಲಸದಿಂದ ಬಂದು ಸೋಫಾ ಮೇಲೆ ಒರಗಿ, ಏನೂ ತಿಳಿಯದಿದ್ದರೂ, ಎಡಕ್ಕೋ ಎಡಕ್ಕೋ ಅಂತ ಕೂಗುತ್ತಿದ್ದಳು. ಅಮ್ಮ ನೀನು ಸುಮ್ಮನಿದ್ರೆ ನಾನು ಗೆಲ್ತೀನಿ ಅನ್ನುತ್ತಿದ್ದ. ಅವಳಿಗೆ ಬೇಕಾಗಿದ್ದದ್ದು ಅಷ್ಟು ಮಾತ್ರ. ಅವನು ನೆಲದ ಮೇಲೆ, ಇವಳು ಸೋಫಾ ಮೇಲೆ.

ಗಂಡ ಶಾಲೆ ಬಸ್ಸಿನ ಡ್ರೈವರು. ದಿನವಿಡೀ ನಲವತ್ತು ಮಕ್ಕಳ ಗಲಾಟೆ ಕೇಳಿ ಕೇಳಿ, ಮನೆಯಲ್ಲಿ ತುಟಿ ಪಿಟಕ್ಕೆನ್ನದ ಮನುಷ್ಯ. ಹೆಂಡತಿಯ ಯೋಜನೆ ಕೇಳಿ, ಹಾಗೇನಾದರೂ ತಂದಿಟ್ಟರೆ ನಾವಿಲ್ಲದಾಗ ಎತ್ತಿಕೊಂಡು ಕೋಣೆಗೆ ಹೋಗುತ್ತಾನೆ ಅಷ್ಟೇ ಅಂದ. ಅದನ್ನು ಫ್ರಿಜ್ಜಮ್ಮ ಆಗಲೇ ಯೋಚಿಸಿಯಾಗಿತ್ತು. ಬೋಲ್ಟ್ ಹಾಕ್ತೀನಿ ಅಂದಳು. ಟಿವಿ ಸ್ಟ್ಯಾಂಡಿನ ಹಲಗೆಗೆ ನಾಲ್ಕು ಮೂಲೆಗೂ ಕೆಳಗಿನಿಂದ ಬೋಲ್ಟ್ ಹಾಕಿ ಬಿಗಿಯುತ್ತೇನೆ, ಹಲಗೆಯನ್ನು ಗೋಡೆಗೆ ಬಿಗಿಯುತ್ತೇನೆ, ಯಾರಪ್ಪ ಬಂದರೂ ಅಲುಗಾಡಬಾರದು. ಗಂಡ ಅವಳ ಮುಖವನ್ನೇ ನೋಡಿ, ಟಾರ್ಚು ತಂದು ಹಲಗೆಯ ಮೇಲೆ ಬೆಳಕು ಹಿಡಿದ. ಟಿವಿಗೂ ಹಲಗೆಗೂ ನಡುವೆ ಅರ್ಧ ಗೇಣು ಎತ್ತರದ ಜಾಗ, ಎರಡು ಗೇಣು ಅಗಲ. ಹಿಂದೆ ಗೋಡೆ. ಇಷ್ಟು ಇಕ್ಕಟ್ಟಿನಲ್ಲಿ ಕೂರಬೇಕು, ಬಿಸಿಯಾಗಬಾರದು, ಕೂಗಾಡಬಾರದು. ತಣ್ಣಗಿಡೋ ಕೆಲಸ ನನಗೆ ಬಿಡಿ ಅಂದಳು ಫ್ರಿಜ್ಜಮ್ಮ.

ಮಾರನೇ ದಿನ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಹಾಲಿಗೆ ಒಂದು ಗೇಮಿಂಗ್ ಕಂಪ್ಯೂಟರ್ ಮಾಡೋಣ ಅಂತಿದೀನಿ, ಚಿಕ್ಕದು, ಏನೇನು ತರಬೇಕು ಅಂತ ಹೇಳ್ತೀಯಾ ಅಂತ ಕೇಳಿದಳು. ತಟ್ಟಲೇ ಇಲ್ಲ. ಒಳಗೆ ಫ್ಯಾನು ಗೊರಗುಟ್ಟುತ್ತಲೇ ಇತ್ತು. ಇವಳು ಕೆಲಸಕ್ಕೆ ಹೊರಟಳು. ಸಂಜೆ ಬಂದು ನೋಡಿದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಚೀಟಿ ಹೊರಗೆ ಇಣುಕುತ್ತಿತ್ತು. ಬಿಸ್ಕತ್ತಿನ ಡಬ್ಬಿಯ ರಟ್ಟು ಹರಿದು, ಹಿಂದುಗಡೆ ಒತ್ತೊತ್ತಾಗಿ ಬರೆದಿದ್ದ. ಬೋರ್ಡು ಯಾವ ಅಳತೆಯದ್ದು, ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಉದ್ದ ಇರಬಹುದು, ಅದನ್ನು ಮಲಗಿಸಿ ಕೂರಿಸಲು ಯಾವ ಕೇಬಲ್ ಬೇಕು, ಎಲ್ಲ ಇತ್ತು. ಫ್ರಿಜ್ಜಮ್ಮ ಆ ರಟ್ಟನ್ನು ಎರಡು ಸಲ ಓದಿದಳು. ಒಂದಕ್ಷರವೂ ತಲೆಗೆ ಹತ್ತಲಿಲ್ಲ, ಅಕ್ಷರ ಮಾತ್ರ ಹೈಸ್ಕೂಲಿನಲ್ಲಿ ಬರೆಯುತ್ತಿದ್ದ ಹಾಗೇ ಬಲಕ್ಕೆ ವಾಲಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ರಟ್ಟನ್ನು ಚೀಲದೊಳಗೆ ಜೋಪಾನವಾಗಿಟ್ಟಳು.

ಪಾರ್ಟ್ಸ್ ಅಂಗಡಿಯವನು ದಪ್ಪ ಕನ್ನಡಕದ ಮನುಷ್ಯ. ರಟ್ಟನ್ನು ಓದಿ, ಇದನ್ನು ಬರೆದವನಿಗೆ ವಿಷಯ ಚೆನ್ನಾಗಿ ಗೊತ್ತಿದೆ ಅಂದ. ಮಗ ಬರೆದದ್ದು ಅಂದಾಗ, ಹಾಗಾದರೆ ಅವರನ್ನೇ ಒಂದು ಸಲ ಕಳಿಸಿ, ಮಾತಾಡೋಣ, ಇಲ್ಲಿ ನನಗೂ ಒಬ್ಬರು ಬೇಕು ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಕಳಿಸ್ತೀನಿ ಅಂದಳು ಫ್ರಿಜ್ಜಮ್ಮ. ಹಾಗೆ ಅಂದದ್ದಕ್ಕೆ ದಾರಿಯುದ್ದಕ್ಕೂ ಅವಳಿಗೆ ಒಂಥರಾ ಖುಷಿ, ಸುಳ್ಳು ಹೇಳಿದೆ ಅಂತ ಅನ್ನಿಸಲೇ ಇಲ್ಲ.

ಪೆಟ್ಟಿಗೆ ಮಾತ್ರ ಅವಳು ಕೊಳ್ಳಲಿಲ್ಲ. ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಫ್ರಿಜ್ಜಿನ ಪಕ್ಕದ ತಗಡು ಕತ್ತರಿಸಿ, ಮಡಚಿ, ಅಂಚು ಉಜ್ಜಿ, ತಾನೇ ಮಾಡಿದಳು. ಬಿಳಿ ಬಣ್ಣ ಹಾಗೇ ಹೊಳೆಯುತ್ತಿತ್ತು. ಆಮೇಲೆ ಫ್ಯಾನು ಹಾಕುವ ಸಮಯ ಬಂತು. ಚಪ್ಪಟೆ ಫ್ಯಾನು ಎರಡು, ಮುಚ್ಚಳದ ಕೆಳಗೆ ಕೂರಬೇಕು. ಬಾಗಿಲ ಹತ್ತಿರ ಬಂದು ಕೇಳಿದಳು:

"ಈ ಎರಡು ಫ್ಯಾನು ಗಾಳೀನ ಒಳಗೆ ತಳ್ಳೋ ಹಾಗೆ ಹಾಕ್ಲಾ, ಹೊರಗೆ ಎಳೆಯೋ ಹಾಗೆ ಹಾಕ್ಲಾ?"

ಕೇಳಿದ ಮೇಲೆ ಅವಳಿಗೆ ಹೊಳೆಯಿತು, ಇದಕ್ಕೆ ತಟ್ಟಿ ಉತ್ತರ ಹೇಳುವುದಕ್ಕೆ ಆಗುವುದಿಲ್ಲ. ಬೇರೆ ಥರ ಕೇಳೋಣ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಒಳಗೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು. ತುಕ್ಕು ಹಿಡಿದ ತಿರುಪು ತಿರುಗಿಸಿದ ಹಾಗೆ ಮಾತು ಹೊರಬಂತು.

"ಹೊರಗೆ ಎಳೆಯೋ ಹಾಗೆ."

ಫ್ರಿಜ್ಜಮ್ಮ ಸ್ಕ್ರೂಡ್ರೈವರನ್ನು ಎದೆಗೆ ಅವುಚಿಕೊಂಡು ನಿಂತಳು. ಆಯ್ತು ಅಂದಳು. ಹಾಲಿಗೆ ಹೋಗಿ ಗಂಡನ ತೋಳು ಹಿಡಿದು, ಮಾತಾಡಿದ ರೀ ಅಂದಳು. ಗಂಡ ಏನು ಅಂದ ಅಂತ ಕೇಳಿದ. ಹೊರಗೆ ಎಳೆಯೋ ಹಾಗೆ ಅಂದ ಅಂದಳು. ಇಬ್ಬರೂ ಅದನ್ನೇ ಏನೋ ದೊಡ್ಡ ಮಾತು ಅನ್ನೋ ಹಾಗೆ ಮತ್ತೆ ಮತ್ತೆ ಹೇಳಿಕೊಂಡರು.

ಉಪಾಯ ಸಿಕ್ಕಿತಲ್ಲ, ಇನ್ನು ಕೇಳಬೇಕೇ. ತಟ್ಟಿ ಉತ್ತರ ಹೇಳಲಾಗದ ಪ್ರಶ್ನೆ ಯಾವುದು ಅಂತ ಅವಳು ದಿನವಿಡೀ, ಬೇರೆಯವರ ಫ್ರಿಜ್ಜಿನೊಳಗೆ ತಲೆ ತೂರಿಸಿಕೊಂಡು, ಅದನ್ನೇ ಯೋಚಿಸುತ್ತಿದ್ದಳು. ಪ್ರೊಸೆಸರಿನ ಬಿಸಿ ಎಳೆಯೋ ಈ ಪೇಸ್ಟು ಎಷ್ಟು ಹಾಕಲಿ? ಬಟಾಣಿ ಕಾಳಿನಷ್ಟು. ಈ ಕೆಂಪು ಲೈಟು ಯಾಕೆ ಉರೀತಿದೆ? ರ‍್ಯಾಮ್ ಸರಿಯಾಗಿ ಕೂತಿಲ್ಲ, ಕ್ಲಿಕ್ ಅನ್ನೋವರೆಗೂ ಒತ್ತು. ಪ್ರೊಸೆಸರಿನ ಮೇಲೆ ಕೂರಿಸುವ ತಾಮ್ರದ ಕೊಳವೆಗಳನ್ನು ನೋಡಿ ಅವಳಿಗೆ ಕುತೂಹಲ. ಒಳಗೆ ಏನಿದೆ ಅಂತ ಕೇಳಿದಳು. ಒಂದು ತೊಟ್ಟು ನೀರಿದೆ, ಬಿಸಿ ಇರೋ ಕಡೆ ಆವಿಯಾಗತ್ತೆ, ತಣ್ಣಗಿರೋ ಕಡೆ ಮತ್ತೆ ನೀರಾಗಿ ವಾಪಸ್ ಬರತ್ತೆ ಅಂದ. ಹಾಗಾದರೆ ಅದು ನಮ್ಮ ಫ್ರಿಜ್ಜಿನ ಕಸುಬೇ ಅಲ್ಲವೋ ಅಂದಳು. ಹೌದಮ್ಮ ಅಂದ. ಎರಡೇ ಪದ, ಅದರಲ್ಲಿ ಒಂದು ಅಮ್ಮ. ಅವತ್ತು ಅವಳು ಮೂರು ಫ್ರಿಜ್ಜು ರಿಪೇರಿ ಮಾಡಿ ಬಂದರೂ ದಣಿವೇ ಆಗಲಿಲ್ಲ.

ಒಂದು ಗಂಟೆಯಲ್ಲಿ ಕಂಪ್ರೆಸರ್ ಬಿಚ್ಚಿ ಹಾಕುವವಳು ನೀನು, ಈ ಡಬ್ಬಿಗೆ ಎರಡು ತಿಂಗಳು ಹಿಡಿಯುತ್ತಾ ಅಂತ ಗಂಡ ಒಂದು ದಿನ ಮೆಲ್ಲಗೆ ಕಾಲೆಳೆದ. ತಿರುಪು ಸಿಗುತ್ತಿಲ್ಲ ಅಂದಳು. ಅಂಥ ತಿರುಪು ಅವಳ ಚೀಲದಲ್ಲಿ ಮುಷ್ಟಿಗಟ್ಟಲೆ ಇದ್ದವು, ಗಂಡನಿಗೂ ಗೊತ್ತಿತ್ತು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಇಷ್ಟೆಲ್ಲ ಬೇಕೆಂದೇ ಎಳೆದಾಡಿದರೂ, ಅವಳು ಮಾಡಿದ ಒಂದು ತಪ್ಪು ಮಾತ್ರ ಅಪ್ಪಟ ತಪ್ಪು. ಹೇಳಿದರೆ ನಗುತ್ತೀರಿ. ಎಲ್ಲ ಜೋಡಿಸಿ, ಟಿವಿಗೆ ಸಿಕ್ಕಿಸಿ, ಗುಂಡ ಒಳಗಿನಿಂದ ಹೇಳಿದ ಹಾಗೆ ಅದು ಒತ್ತಿ ಇದು ಒತ್ತಿ, ಆಟ ಶುರುಮಾಡಿದರೆ ನಾಲ್ಕೇ ನಿಮಿಷಕ್ಕೆ ಮೆಷಿನ್ನು ಪಟ್ಟಂತ ಆರಿಹೋಯಿತು. ಮತ್ತೆ ಹಾಕಿದಳು, ಮತ್ತೆ ಆರಿತು. ಪರದೆಯ ಮೂಲೆಯಲ್ಲಿ ಕಾಣುವ ಡಿಗ್ರಿ ಎಷ್ಟು ಅಂತ ಕೇಳಿದ. ತೊಂಬತ್ತೇಳು ಅಂದಳು. ಫ್ಯಾನು ತಿರುಗ್ತಿದೆಯಾ? ತಿರುಗ್ತಿದೆ.

"ಅಮ್ಮ, ಒಳಗೆ ಗಾಳಿ ಎಲ್ಲಿಂದ ಬರತ್ತೆ?"

"ಎಲ್ಲಿಂದಲೂ ಬರಲ್ಲ," ಅಂದಳು ಫ್ರಿಜ್ಜಮ್ಮ ಹೆಮ್ಮೆಯಿಂದ. "ಸುತ್ತ ಫ್ರಿಜ್ಜಿನ ಬಾಗಿಲಿನ ರಬ್ಬರ್ ಹಾಕಿ ಮುಚ್ಚಿದೀನಿ. ಒಂದು ಇರುವೆ ನುಗ್ಗೋಕೂ ಜಾಗ ಇಲ್ಲ."

ಒಳಗೆ ಮಗ ನಕ್ಕ. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ ಜೋರಾಗಿ, ಕೆಮ್ಮು ಬರುವಷ್ಟು. ಮೂರು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. "ಅಮ್ಮ, ಅದು ಫ್ರಿಜ್ಜಲ್ಲ. ಬಿಸಿ ಅದರ ಒಳಗೇ ಹುಟ್ಟತ್ತೆ. ನೀನು ಮುಚ್ಚಿಟ್ರೆ ಸಾಯತ್ತೆ. ಹೊರಗೆ ಹೋಗೋಕೆ ದಾರಿ ಬಿಡು."

ಏನು ಮಾಡುವುದು, ಮೂವತ್ತು ವರ್ಷದ ಕೈ. ಪೆಟ್ಟಿಗೆ ಅಂದರೆ ಸಂದಿ ಮುಚ್ಚಬೇಕು ಅನ್ನುವುದು ಆ ಕೈಗೆ ರಕ್ತಗತ. ಅವಳೂ ನಕ್ಕಳು. ಬಾಗಿಲಿಗೆ ಹಣೆ ಆನಿಸಿ, ನಗುತ್ತಾ ನಗುತ್ತಾ, ಹಾಗಾದರೆ ನೀನೇ ಬಂದು ನೋಡಬಾರದಾ ಗುಂಡ, ನಿಮ್ಮಮ್ಮನ ಕೆಲಸವನ್ನ ಅಂದುಬಿಟ್ಟಳು. ನಗು ನಿಂತಿತು. ಆ ದಿನ ಮತ್ತೆ ಮಾತಿಲ್ಲ. ತಾನೇ ಕೈಯಾರೆ ಮಣ್ಣು ಹಾಕಿಕೊಂಡೆ ಅಂತ ಅವಳು ತನ್ನ ಬಾಯಿಯನ್ನು ತಾನೇ ಬೈದುಕೊಂಡಳು.

ರಬ್ಬರು ಕಿತ್ತಳು. ತಗಡಿನ ಎರಡು ಪಕ್ಕಕ್ಕೂ ಸಾಲುಸಾಲಾಗಿ ತೂತು ಕೊರೆದಳು, ಒಂದೊಂದು ತೂತಿನ ಅಂಚನ್ನೂ ಬೆರಳಿಟ್ಟು ನೋಡಿ ಉಜ್ಜಿದಳು. ಫ್ಯಾನಿನ ಕೆಳಗೆ ನಡುಕ ತಡೆಯುವ ಮೆತ್ತನೆ ಬಿಲ್ಲೆ ಹಾಕಿದಳು. ಈಗ ಎರಡು ಗಂಟೆ ಆಟ ಓಡಿಸಿದರೂ ಅರವತ್ತೆರಡು ಡಿಗ್ರಿ ದಾಟಲಿಲ್ಲ. ಸದ್ದಂತೂ, ಫ್ರಿಜ್ಜಮ್ಮನ ಕಿವಿಗೇ ಕೇಳಿಸಬೇಕಾದರೆ ತಗಡಿಗೆ ಕೆನ್ನೆ ತಾಗಿಸಬೇಕು. ಡಿಗ್ರಿ ಓದಿ ಹೇಳಿದಾಗ, ಚೆನ್ನಾಗಿ ಮಾಡಿದೀಯಮ್ಮ ಅಂದ ಗುಂಡ. ಅದು ಕೊನೆಯ ಮಾತು ಅಂತ ಅವಳಿಗೇನು ಗೊತ್ತು. ನಾಲ್ಕು ಬೋಲ್ಟು ಬಿಗಿದು, ನೆಲದ ಮೇಲೆ ಮೆತ್ತನೆಯ ದಿಂಬು ಹಾಕಿ, ಆಟದ ರಿಮೋಟು ಎರಡನ್ನೂ ಅದರ ಮೇಲೆ ಇಟ್ಟಳು.

ಬರಲಿಲ್ಲ. ಒಂದು ವಾರ ಕರೆದಳು, ಕರೆದರೆ ತಟ್ ತಟ್. ನಾವು ಎದುರಿಗಿದ್ದರೆ ಮುಜುಗರ ಇರಬೇಕು ಅಂತ, ಒಂದು ಭಾನುವಾರ ಗಂಡನನ್ನು ಎಬ್ಬಿಸಿಕೊಂಡು, ನಾವು ದೊಡ್ಡಮ್ಮನ ಮನೆಗೆ ಹೋಗ್ತಿದೀವಿ, ಸಂಜೆವರೆಗೂ ಬರಲ್ಲ ಅಂತ ಬಾಗಿಲಿಗೆ ಕೇಳುವ ಹಾಗೆ ಹೇಳಿ ಅಕ್ಕನ ಮನೆಗೆ ಹೋದಳು. ಅಲ್ಲಿ ಅಕ್ಕ ಏನು ಹೇಳಿದಳೋ ಇವಳು ಏನು ಕೇಳಿದಳೋ. ಸಂಜೆ ಬಂದವಳು ನೇರ ಟಿವಿ ಮುಂದೆ ಕೂತಳು. ದಿಂಬು ಹಾಗೇ ಉಬ್ಬಿಕೊಂಡಿತ್ತು. ಆಟದಲ್ಲಿ ಇಷ್ಟು ಗಂಟೆ ಆಡಿದ್ದೀರಿ ಅಂತ ತೋರಿಸುವ ಜಾಗದಲ್ಲಿ ತಾನು ಪರೀಕ್ಷೆಗೆ ಓಡಿಸಿದ ಗಂಟೆಗಳಷ್ಟೇ ಇದ್ದವು. ಸ್ನಾನದ ಕೋಣೆಯ ಟವೆಲ್ಲು ಮಾತ್ರ ಒದ್ದೆಯಾಗಿತ್ತು. ಅಂದರೆ ಹೊರಗೆ ಬಂದಿದ್ದಾನೆ, ಹಾಲು ದಾಟಿಯೇ ಹೋಗಿದ್ದಾನೆ, ಬಿಳಿ ಪೆಟ್ಟಿಗೆಯನ್ನು ಕಣ್ಣಾರೆ ನೋಡಿದ್ದಾನೆ.

ಇನ್ನು ಉಳಿದಿದ್ದ ಆಸೆ ಒಂದೇ, ಒಳಗಿನ ಹಳೆಯ ಮೆಷಿನ್ನು. ಅದೂ ಇನ್ನೊಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ, ಅವಳು ತಟ್ಟೆ ಇಡಲು ಬಾಗಿದ್ದಾಗ, ಗೊರ್ ಗೊರ್ ಅಂತ ನಾಲ್ಕು ಸಲ ಎಳೆದು ನಿಂತಿತು. ಒಳಗೆ ಗುಂಡಿ ಒತ್ತಿದ ಸದ್ದು, ಮತ್ತೆ ಒತ್ತಿದ ಸದ್ದು. ಹತ್ತಾರು ಸಲ ಒತ್ತಿದ. ಹೊರಗೆ ಇವಳು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ದೇವರೇ ಕ್ಷಮಿಸು, ಅವಳಿಗೆ ಸಂತೋಷವಾಯಿತು. ಗಂಡನ ಹತ್ತಿರ ಹೋಗಿ, ಬನಿಯನ್ನಿನಲ್ಲಿ ಕೂರಬೇಡಿ, ಒಂದು ಶರ್ಟು ಹಾಕಿಕೊಳ್ಳಿ ಅಂದಳು. ಹಾಲಿನ ಕಿಟಕಿಯ ಪರದೆ ಅರ್ಧ ಎಳೆದು, ದಿಂಬು ತಟ್ಟಿ ಮತ್ತೆ ಇಟ್ಟಳು. ಗಂಡ ಶರ್ಟು ಹಾಕಿಕೊಂಡು, ಗುಂಡಿಯನ್ನೂ ಹಾಕಿಕೊಂಡು, ಮಧ್ಯಾಹ್ನದವರೆಗೂ ನೆಟ್ಟಗೆ ಕೂತಿದ್ದ.

ಹನ್ನೊಂದು ದಿನ. ಹನ್ನೊಂದು ದಿನವೂ ಆ ಕೋಣೆಯಿಂದ ಒಂದು ಸದ್ದಿಲ್ಲ. ಮುಂಚೆ ಫ್ಯಾನಾದರೂ ಇತ್ತು, ಎದ್ದಿದ್ದಾನೆ, ಮಲಗಿದ್ದಾನೆ ಅಂತ ಹೇಳುತ್ತಿತ್ತು. ಈಗ ಅದೂ ಇಲ್ಲ. ತಟ್ಟೆ ಖಾಲಿಯಾಗುತ್ತಿತ್ತು, ಟವೆಲ್ಲು ಒದ್ದೆಯಾಗುತ್ತಿತ್ತು, ಅಷ್ಟೇ. ಏನು ಮಾಡ್ತಿದೀಯಾ ಕಂದಾ ಅಂತ ಕೇಳಿದಳು, ಉತ್ತರವಿಲ್ಲ. ನಿನ್ನ ಮೆಷಿನ್ನು ಹೋಯ್ತಾ? ತಟ್. ಹಾಲಲ್ಲಿ ಇರೋದರಲ್ಲಿ ಆಡ್ತೀಯಾ? ತಟ್ ತಟ್. ನಾವು ಇಲ್ಲದಾಗ? ತಟ್ ತಟ್. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದಳು. ಕಂಪ್ಯೂಟರ್ ಇದ್ದಾಗ ಒಳಗಿದ್ದ. ಇಲ್ಲದಾಗಲೂ ಒಳಗೇ ಇದ್ದಾನೆ. ಆ ಹಳೆಯ ಡಬ್ಬಿ ಅವನನ್ನು ಕಟ್ಟಿಹಾಕಿರಲೇ ಇಲ್ಲ. ಅದು ಒಳಗೆ ಅವನ ಜೊತೆಗಿದ್ದ ಒಂದೇ ಒಂದು ಜೀವ, ಅದು ಯಾವಾಗ ಸತ್ತೀತು ಅಂತ ಹೆತ್ತ ತಾಯಿ ಕಾಯುತ್ತ ಕೂತಿದ್ದಳು.

ಗಂಡ ಬಂದು ಪಕ್ಕದಲ್ಲಿ ಕೂತ. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಹೀಗೆ ಮಾಡು ಅಂತ ಹೇಳಿದ್ದು ಕಡಿಮೆ.

"ಬೋಲ್ಟ್ ಬಿಚ್ಚಿಬಿಡು," ಅಂದ. "ಕತ್ತಲಲ್ಲಿ ಸುಮ್ಮನೆ ಕೂತಿದಾನೆ ಅವನು."

ಬಿಚ್ಚಿದಳು. ನಾಲ್ಕು ಬೋಲ್ಟು ಬಿಗಿಯಲು ಎಷ್ಟು ಹೊತ್ತು ಹಿಡಿದಿತ್ತೋ ಅದರ ಅರ್ಧಕ್ಕೆ ಕಳಚಿ ಬಂದವು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದು ಧೂಳು ಒರೆಸುವಾಗ ಅವಳಿಗೆ ಒಂದು ಯೋಚನೆ ಬಂತು. ಒಂದು ಫ್ಯಾನಿನ ಒಂದು ತಿರುಪು, ಅರ್ಧ ಸುತ್ತು ಸಡಿಲ ಬಿಟ್ಟರೆ ಸಾಕು. ಹದಿನೈದು ದಿನಕ್ಕೆ ಗುಂಯ್ ಅನ್ನಲು ಶುರುವಾಗುತ್ತದೆ, ತಿಂಗಳಿಗೆ ಬಿಸಿಯಾಗುತ್ತದೆ. ಆಗ ಅಮ್ಮ ಅನ್ನಬೇಕಾಗುತ್ತದೆ. ಯಾಕೆ ಸದ್ದು ಬರ್ತಿದೆ ಅಂತ ಅವನು ಕೇಳಬೇಕಾಗುತ್ತದೆ, ಇವಳು ಹೇಳಬೇಕಾಗುತ್ತದೆ. ಸ್ಕ್ರೂಡ್ರೈವರು ತಿರುಪಿನ ಮೇಲೆ ಕೂತಿತ್ತು. ಎಷ್ಟೋ ಹೊತ್ತು ಹಾಗೇ ಕೂತಿತ್ತು. ಆ ಚಿಕ್ಕ ಕೋಣೆ, ಮುಚ್ಚಿದ ಕಿಟಕಿ, ಈ ಸೆಕೆ, ಅದರಲ್ಲಿ ಇದೂ ಕಾದರೆ ಅವನ ಗತಿ ಏನು? ಮೂವತ್ತು ವರ್ಷದಲ್ಲಿ ಯಾರ ಮನೆಯಲ್ಲೂ ಅವಳು ಒಂದು ತಿರುಪನ್ನು ಬೇಕೆಂದು ಸಡಿಲ ಬಿಟ್ಟು ಬಂದವಳಲ್ಲ. ಬಲಕ್ಕೆ ತಿರುಗಿಸಿ ಬಿಗಿಯಾಗಿದೆಯಾ ಅಂತ ನೋಡಿದಳು. ಬಿಗಿಯಾಗಿತ್ತು. ಮುಚ್ಚಳ ಹಾಕಿದಳು.

ಬಾಗಿಲ ಮುಂದೆ, ತಟ್ಟೆ ಇಡುವ ಜಾಗದಲ್ಲಿ ಪೆಟ್ಟಿಗೆ ಇಟ್ಟು, ವೈರುಗಳನ್ನು ಸುತ್ತಿ ಮೇಲಿಟ್ಟು, ಒಂದು ರಿಮೋಟನ್ನೂ ಇಟ್ಟು, ಇದು ನಿನಗೇ ಗುಂಡ ಅಂದು ಕೆಲಸಕ್ಕೆ ಹೊರಟಳು. ಎರಡನೇ ರಿಮೋಟು ಸೋಫಾ ಮೇಲೆ ಉಳಿಯಿತು. ಯಾರದೋ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಹೊಸ ರಬ್ಬರು ಹಾಕಿದಳು. ಚೆನ್ನಾಗಿ ಕೂತಿದೆ, ಗಾಳಿಯೇ ಆಡುವುದಿಲ್ಲ ಅಂತ ಮನೆಯಾಕೆ ಹೊಗಳಿದಳು. ಫ್ರಿಜ್ಜಮ್ಮ ಸುಮ್ಮನೆ ತಲೆಯಾಡಿಸಿದಳು.

ಸಂಜೆ ಬಂದಾಗ ಬಾಗಿಲ ಮುಂದೆ ಪೆಟ್ಟಿಗೆ ಇರಲಿಲ್ಲ. ತಟ್ಟೆ ತೊಳೆದಿಟ್ಟಿತ್ತು. ಚೀಲವನ್ನು ಹೆಗಲಿನಿಂದ ಇಳಿಸದೆಯೇ ಬಾಗಿಲಿಗೆ ಕಿವಿಯಿಟ್ಟಳು. ಏನೂ ಇಲ್ಲ. ಇನ್ನೊಂದು ಕಿವಿ ಇಟ್ಟಳು. ಉಸಿರು ಬಿಗಿಹಿಡಿದಳು. ತಗಡಿಗೆ ಕೆನ್ನೆ ತಾಗಿಸದೆ ಕೇಳಿಸದ ಹಾಗೆ ತಾನೇ ಮಾಡಿದ ಫ್ಯಾನು, ಅದು ಒಂದು ಬಾಗಿಲು ದಾಟಿ ಕೇಳಿಸುತ್ತದೆಯೇ? ಆಡುತ್ತಿದ್ದಾನೋ, ಓದುತ್ತಿದ್ದಾನೋ, ಮಲಗಿದ್ದಾನೋ. ಬಿಲ್ಲೆ ಯಾಕೆ ಹಾಕಿದೆ, ಅಷ್ಟು ಚೆನ್ನಾಗಿ ಯಾಕೆ ಮಾಡಿದೆ ಅಂತ ಅವಳು ಬಾಗಿಲಿಗೆ ಕೇಳಿಸದ ಹಾಗೆ ತನ್ನನ್ನೇ ಕೇಳಿಕೊಂಡಳು.

"ಹೇಗಿದೆ ಗುಂಡ?"

ಮಾತಿಲ್ಲ. ಕಾದಳು. ಇದರಲ್ಲಿ ಏನು ಆಡ್ತಿದೀಯಾ, ಮೊದಲಿನದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಿದಳು. ಮಾತಿಲ್ಲ. ಕೊನೆಗೆ, ಏನಾದರೂ ಒಂದು ಬಂದರೆ ಸಾಕು ಅನ್ನಿಸಿ, ತಟ್ಟಿ ಹೇಳಬಹುದಾದ ಪ್ರಶ್ನೆಯನ್ನೇ ಕೇಳಿದಳು.

"ಬಿಸಿ ಆಗ್ತಿದೆಯಾ?"

ತಟ್ ತಟ್.

"ಸದ್ದು ಬರ್ತಿದೆಯಾ?"

ತಟ್ ತಟ್.

ಇನ್ನೇನು ಕೇಳುವುದು. ಎಲ್ಲ ಸರಿಯಾಗಿತ್ತು. ಚೀಲದ ಪಟ್ಟಿ ಹೆಗಲಿಗೆ ಒತ್ತುತ್ತಿತ್ತು. ಹಾಲಿನಲ್ಲಿ ಗಂಡ ಟಿವಿ ಹಾಕದೆ ಸುಮ್ಮನೆ ಕೂತಿದ್ದ.

"ನನ್ನಿಂದ ಏನಾದ್ರೂ ಆಗಬೇಕಾ ಕಂದಾ?"

ಸ್ವಲ್ಪ ಹೊತ್ತು ಬಿಟ್ಟು ಅವನು ಎರಡು ಸಲ ತಟ್ಟಿದ, ಮೆಲ್ಲಗೆ, ಅಮ್ಮನಿಗೆ ನೋವಾಗದ ಹಾಗೆ.